ಶಿಲ್ಕು ಮತ್ತು ಸ್ಥಿತಿ: ವಿದೇಶದಲ್ಲಿ ವಾಣಿಜ್ಯ ವ್ಯಾಸಂಗದ ಪ್ರಥಮ ವರ್ಷ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪ್ರದೇಶಗಳ ಕೃಷಿಕ ಮನೆತನಗಳಿಂದ ವ್ಯವಹಾರ, ಲೆಕ್ಕಶಾಸ್ತ್ರ ಮತ್ತು ಹಣಕಾಸು ವಿಷಯಗಳ ವ್ಯಾಸಂಗಕ್ಕಾಗಿ ವಿದೇಶಕ್ಕೆ ತೆರಳುವ ವಿದ್ಯಾರ್ಥಿಗಳಿದ್ದಾರೆ. ಆ ವೆಚ್ಚಕ್ಕೆ ಅನೇಕ ವೇಳೆ ಅಡಿಕೆ ತೋಟದ ಉತ್ಪತ್ತಿಯೂ ತೋಟದ ಆಧಾರದ ಮೇಲೆ ಪಡೆದ ಸಾಲವೂ ಮೂಲವಾಗಿರುತ್ತವೆ. ಆದುದರಿಂದ ಪ್ರಥಮ ವರ್ಷದ ವ್ಯಾಸಂಗವು ಫಲಪ್ರದವಾಯಿತೇ ಎಂಬುದು ವಿದ್ಯಾರ್ಥಿಯೊಬ್ಬನ ಪ್ರಶ್ನೆಯಾಗಿ ಉಳಿಯದೆ ಇಡೀ ಮನೆತನದ ಪ್ರಶ್ನೆಯಾಗುತ್ತದೆ.

ಪದವಿಪೂರ್ವ ತರಗತಿಯಲ್ಲಿಯೇ ಖಾತೆ, ತಾಳೆಪಟ್ಟಿ, ಅಢಾವೆ ಪತ್ರಿಕೆಗಳನ್ನು ಅಭ್ಯಾಸಮಾಡಿದವರಿಗೆ ಲೆಕ್ಕ ಮಾಡುವುದು ಕಷ್ಟವಲ್ಲ. ಒಂದು ವೆಚ್ಚವನ್ನು ಆಸ್ತಿಯೆಂದು ಏಕೆ ಕರೆಯಬೇಕು, ಇನ್ನೂ ಪಾವತಿಯಾಗದ ಹಣವನ್ನು ಖರ್ಚೆಂದು ಏಕೆ ಬರೆಯಬೇಕು ಎಂಬ ಪ್ರಶ್ನೆಗಳಿಗೆ ಕಾರಣಸಹಿತ ಉತ್ತರ ಕೊಡುವುದು ಕಷ್ಟ. ಈ ಪ್ರಶ್ನೆಗಳೆಲ್ಲದರ ಹಿಂದೆ ಇರುವ ತತ್ತ್ವ ಒಂದೇ: ಕೈಯಲ್ಲಿರುವ ಶಿಲ್ಕು ಬೇರೆ, ಆರ್ಥಿಕ ಸ್ಥಿತಿ ಬೇರೆ. ಈ ಭೇದವನ್ನು ತಿಳಿಯಲು ಬೇಕಾದ ನಿದರ್ಶನಗಳು ನಮ್ಮ ಊರುಗಳಲ್ಲಿಯೇ ಇವೆಯೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

1. ತೋಟವೆಂಬ ಆಸ್ತಿ

ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನ ಕೇಂದ್ರವು ಸ್ಥಾಪನೆಯಾಯಿತು. ಅಡಿಕೆಯು ಈ ಪ್ರದೇಶದ ಬದುಕಿನಲ್ಲಿ ಪಡೆದಿರುವ ಸ್ಥಾನಕ್ಕೆ ಅದೊಂದು ಸಾಕ್ಷಿ. ಸಸಿ ನೆಟ್ಟ ಮೇಲೆ ಫಸಲು ಬರಲು ಸಾಮಾನ್ಯವಾಗಿ ಐದಾರು ವರ್ಷ ಬೇಕು. ಆ ಅವಧಿಯಲ್ಲಿ ಗುಂಡಿ, ಗೊಬ್ಬರ, ನೀರಾವರಿ, ಕೂಲಿಗಳಿಗೆ ಹಣ ಹೋಗುತ್ತಲೇ ಇರುತ್ತದೆ. ಮನೆಯ ಕಿರ್ದಿಯನ್ನು ಮಾತ್ರ ನೋಡಿದವರು ಇದನ್ನು ವರ್ಷವರ್ಷದ ನಷ್ಟವೆಂದೇ ಭಾವಿಸಿಯಾರು.

ಅಂತಾರಾಷ್ಟ್ರೀಯ ಲೆಕ್ಕಪದ್ಧತಿಯು ಹಾಗೆ ಭಾವಿಸುವುದಿಲ್ಲ. 2014ರಲ್ಲಿ ಮಾಡಲಾಗಿ 2016ರಿಂದ ಜಾರಿಗೆ ಬಂದ ತಿದ್ದುಪಡಿಯ ಮೇರೆಗೆ, ಹಲವು ವರ್ಷ ಫಲ ಕೊಡುವ ಗಿಡಮರಗಳನ್ನು ಯಂತ್ರ, ಕಟ್ಟಡಗಳ ಹಾಗೆಯೇ ಸ್ಥಿರಾಸ್ತಿಯಾಗಿ ಪರಿಗಣಿಸಬೇಕು. ಫಲಕ್ಕೆ ಬರುವವರೆಗಿನ ವೆಚ್ಚವು ಆಸ್ತಿಯ ಬೆಲೆಗೆ ಸೇರುತ್ತದೆ. ಅನಂತರ ಫಲ ಕೊಡುವ ವರ್ಷಗಳಿಗೆ ಅದು ಸವಕಳಿಯಾಗಿ ಹಂಚಿಕೆಯಾಗುತ್ತದೆ. ಮರದ ಮೇಲಿರುವ ಕಾಯಿಯಾದರೋ ಬೇರೆ ವರ್ಗಕ್ಕೆ ಸೇರಿದ್ದು. ಮಾರಾಟದ ವೆಚ್ಚವನ್ನು ಕಳೆದ ನ್ಯಾಯಬೆಲೆಯಿಂದ ಅದನ್ನು ಅಳೆಯುತ್ತಾರೆ. ಈ ನಿಯಮವು ಕಂಪನಿಗಳಿಗೆ ಸಂಬಂಧಿಸಿದ್ದೇ ಹೊರತು ಮನೆಯ ತೋಟಕ್ಕಲ್ಲ. ಆದರೆ ಅದರ ತತ್ತ್ವವು ಅಡಿಕೆ ಮರವನ್ನು ಬಲ್ಲವರಿಗೆ ಕ್ಷಣಮಾತ್ರದಲ್ಲಿ ಮನದಟ್ಟಾಗುತ್ತದೆ.

2. ಬೆಳೆಯುವ ಸಾಲ

ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಆರಂಭವಾಯಿತು. ಅದರ ಸ್ವಸಹಾಯ ಸಂಘಗಳ ಮೂಲಕ ವಾರದ ಕಂತೆಂಬುದು ಇಲ್ಲಿಯ ಮನೆಮನೆಗೂ ಪರಿಚಿತವಾಗಿದೆ. ಕಂತಿನಲ್ಲಿ ಅಸಲು, ಬಡ್ಡಿ ಎಂಬ ಎರಡು ಭಾಗಗಳುಂಟು. ಅಸಲು ತೀರಿಸಿದರೆ ಜವಾಬ್ದಾರಿ ಇಳಿಯುತ್ತದೆ; ಖರ್ಚೆನಿಸುವುದು ಬಡ್ಡಿ ಮಾತ್ರ.

ವ್ಯಾಸಂಗದ ಸಾಲದಲ್ಲಿ ಓದು ಮುಗಿಯುವವರೆಗೆ ಕಂತು ಕಟ್ಟಬೇಕಾಗಿಲ್ಲದಿರುವುದುಂಟು. ಆ ವರ್ಷಗಳ ಕಿರ್ದಿಯಲ್ಲಿ ಸಾಲದ ಸುದ್ದಿಯೇ ಇರುವುದಿಲ್ಲ. ಬಡ್ಡಿ ಮಾತ್ರ ದಿನೇ ದಿನೇ ಸಲ್ಲತಕ್ಕದ್ದಾಗುತ್ತಲೇ ಇರುತ್ತದೆ. ಉದಾಹರಣೆಗಾಗಿ 10 ಲಕ್ಷ ರೂಪಾಯಿ ಸಾಲಕ್ಕೆ ಶೇಕಡ 10ರ ಬಡ್ಡಿಯೆಂದು ಇಟ್ಟುಕೊಳ್ಳೋಣ. ಮೂರು ವರ್ಷಕ್ಕೆ ಸರಳಬಡ್ಡಿ 3,00,000 ರೂಪಾಯಿ. ವರ್ಷಕ್ಕೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿಯಾದರೆ 3,31,000 ರೂಪಾಯಿ. ಈ 31,000 ರೂಪಾಯಿಯ ಅಂತರವು ಸಾಲಪತ್ರದ ಒಂದು ವಾಕ್ಯದಲ್ಲಿ ಅಡಗಿರುತ್ತದೆ. ಸಹಿ ಹಾಕುವ ಮೊದಲು ಆ ವಾಕ್ಯವನ್ನು ಓದುವುದೇ ಹಣಕಾಸು ವಿಷಯದ ಪ್ರಥಮ ಪಾಠ.

3. ಠೇವಣಿ ಮತ್ತು ಅವಧಿ

ಮೂಡುಬಿದಿರೆಯು ಬಸದಿಗಳ ಊರಾಗಿರುವಂತೆ ಇಂದು ಕಾಲೇಜುಗಳ ಊರೂ ಆಗಿದೆ. ಪರಸ್ಥಳದಿಂದ ಬಂದ ವಿದ್ಯಾರ್ಥಿಯು ಕೊಠಡಿಗೆ ಕೊಡುವ, ಹಿಂದಿರುಗಿ ಬರತಕ್ಕ ಠೇವಣಿಯು ಖರ್ಚಲ್ಲ. ಅದು ಅವನ ಆಸ್ತಿ, ಕೊಠಡಿಯ ಒಡೆಯನಿಗೆ ಜವಾಬ್ದಾರಿ. ವರ್ಷಾರಂಭದಲ್ಲಿ ಒಟ್ಟಾಗಿ ಕೊಟ್ಟ ಬಾಡಿಗೆಯು ತಿಂಗಳು ತಿಂಗಳಿಗೆ ಮಾತ್ರ ಖರ್ಚಾಗುತ್ತಾ ಹೋಗುತ್ತದೆ. ಒಂದೇ ದಿನ ಕೈಬಿಟ್ಟ ಎರಡು ಮೊಬಲಗುಗಳ ಸ್ವರೂಪ ಹೀಗೆ ಬೇರೆ ಬೇರೆ. ವಿದೇಶದ ಬಾಡಿಗೆಮನೆಗೂ ಈ ನ್ಯಾಯವೇ ಅನ್ವಯಿಸುತ್ತದೆ.

4. ನಾಣ್ಯ ವಿನಿಮಯ

ತತ್ತ್ವವು ಒಂದೇ ಆದರೂ ಅಢಾವೆ ಪತ್ರಿಕೆಯ ನಮೂನೆ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಭಾರತದ ಅನೇಕ ಕಂಪನಿಗಳ ಪತ್ರಿಕೆಯಲ್ಲಿ ಬಂಡವಾಳ ಮತ್ತು ಜವಾಬ್ದಾರಿಗಳು ಮೊದಲು ಬರುತ್ತವೆ. ಅಮೆರಿಕದಲ್ಲಿ ನಗದಿನಿಂದ ಮೊದಲಾಗಿ ಆಸ್ತಿಗಳು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಸ್ಥಿರಾಸ್ತಿಗಳು. ಈ ವ್ಯತ್ಯಾಸಗಳನ್ನು ಕೆಲವೇ ವಾರಗಳಲ್ಲಿ ಕಲಿಯಬಹುದು.

ಹೆಚ್ಚಿನ ಎಚ್ಚರ ಬೇಕಾದುದು ನಾಣ್ಯ ವಿನಿಮಯದ ವಿಷಯದಲ್ಲಿ. 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾಗಿ, ಡಾಲರಿನ ಬೆಲೆ 4.76 ರೂಪಾಯಿಯಿಂದ 7.50 ರೂಪಾಯಿಗೆ ಏರಿತು. ಇದನ್ನು ಶೇಕಡ 36.5ರ ಅಪಮೌಲ್ಯವೆಂದು ಹೇಳಲಾಯಿತು. ಆದರೆ 1,000 ಡಾಲರ್ ಶುಲ್ಕ ಕೊಡಬೇಕಾದವರಿಗೆ 4,760 ರೂಪಾಯಿಯ ಹೊರೆ 7,500 ಆಯಿತು. ಅದು ಶೇಕಡ 57.6ರ ಏರಿಕೆ. ರೂಪಾಯಿಯ ಬೆಲೆಯನ್ನು ಡಾಲರಿನಲ್ಲಿ ಅಳೆದರೆ ಮೊದಲ ಸಂಖ್ಯೆ, ಡಾಲರಿನ ಬೆಲೆಯನ್ನು ರೂಪಾಯಿಯಲ್ಲಿ ಅಳೆದರೆ ಎರಡನೆಯದು; ಎರಡೂ ಸತ್ಯವೇ. ತೋಟದ ಆದಾಯ ರೂಪಾಯಿಯಲ್ಲಿಯೂ ಶುಲ್ಕ ಪರದೇಶದ ನಾಣ್ಯದಲ್ಲಿಯೂ ಇರುವ ಮನೆತನಕ್ಕೆ ಎರಡನೆಯ ಸಂಖ್ಯೆಯೇ ಮುಖ್ಯ. ಮುಂದಿನ ವರ್ಷದ ಶುಲ್ಕವನ್ನು ಇಂದಿನ ದರದಿಂದ ಮಾತ್ರ ಗುಣಿಸುವುದು ಸಾಲದು.

ಉಪಸಂಹಾರ

ಅಧ್ಯಾಪಕರಲ್ಲಿ ಒಂದು ಸೂಚನೆ. ವಿದೇಶಕ್ಕೆ ಹೊರಟ ವಿದ್ಯಾರ್ಥಿಯಿಂದ ತನ್ನ ಮನೆತನದ ಅಢಾವೆ ಪತ್ರಿಕೆಯನ್ನು ಒಂದು ಪುಟದಲ್ಲಿ ಬರೆಯಿಸಬೇಕು: ತೋಟ, ದಾಸ್ತಾನು ಅಡಿಕೆ, ಬ್ಯಾಂಕಿನ ಠೇವಣಿ ಒಂದು ಕಡೆ, ಅಸಲು, ಸಲ್ಲತಕ್ಕ ಬಡ್ಡಿ ಇನ್ನೊಂದು ಕಡೆ. ಮುಂದಿನ ವರ್ಷಗಳ ಶುಲ್ಕವು ಇನ್ನೂ ಸಾಲವಲ್ಲದ ಕಾರಣ ಅದನ್ನು ಪತ್ರಿಕೆಯ ಕೆಳಗೆ ಪ್ರತ್ಯೇಕವಾಗಿ ನಮೂದಿಸಬೇಕು. ಇದನ್ನು ಸ್ವತಃ ಬರೆದವರು ಪ್ರಥಮ ವರ್ಷದ ಪಾಠಗಳನ್ನು ಬಾಯಿಪಾಠ ಮಾಡಬೇಕಾಗಿ ಬರುವುದಿಲ್ಲ. ಯಾವ ಭಾರವನ್ನು ಹೊತ್ತು ಓದಲು ಹೊರಟಿದ್ದೇವೆಂಬುದೂ ಅವರಿಗೆ ಸ್ಪಷ್ಟವಾಗಿರುತ್ತದೆ.