ಆಸ್ಪತ್ರೆಯ ಅಡಿಯ ಪೊಳ್ಳು

ಪ್ಯಾರಿಸ್‌ನ ಕೊಶಾಂ ಆಸ್ಪತ್ರೆಯ ನೆಲದಿಂದ ಸುಮಾರು 20 ಮೀಟರ್ ಕೆಳಗೆ ಒಂದು ಹಳೆಯ ಕಲ್ಲುಗಣಿಯಿದೆ. ಹೆಸರು ಕಾಪ್ಯುಸೆಂ. 1780ರಲ್ಲಿ ಪಾದ್ರಿ ಜಾಂ-ದೆನಿ ಕೊಶಾಂ ಈ ಆಸ್ಪತ್ರೆಗೆ ಕೈಹಾಕಿದ್ದು ತನ್ನ ಚರ್ಚಿನ ಬಡವರಿಗಾಗಿ. ಕಲ್ಲುಗಣಿಯ ಕೂಲಿಗಳೂ ಅವರಲ್ಲಿದ್ದರು.

ಗಣಿ ತೋಡುವಾಗ ಇದು ಊರಾಚೆಯ ಬಯಲು. ಊರು ಬೆಳೆದು ಮೇಲೆ ಬಂದು ಕೂರುವಷ್ಟರಲ್ಲಿ ಅಡಿಯಲ್ಲಿ ಪೊಳ್ಳಿದೆ ಎಂಬುದೇ ಮರೆತುಹೋಗಿತ್ತು. ಸುಣ್ಣದಕಲ್ಲಿನ ಪದರನ್ನು ಕೊರೆಯುತ್ತ ಹೋಗುವಾಗ ಮೊದಮೊದಲು ಅಲ್ಲಲ್ಲಿ ಕಲ್ಲನ್ನೇ ಕಂಬವಾಗಿ ಬಿಡುತ್ತಿದ್ದರು. ಆದರೆ ಹಾಗೆ ಬಿಟ್ಟ ಕಲ್ಲು ಮಾರಾಟಕ್ಕಿಲ್ಲವಲ್ಲ! ಹಾಗಾಗಿ ಆಮೇಲೆ ಪದರನ್ನು ಪೂರ್ತಿ ತೆಗೆದು, ಗಾರೆಯಿಲ್ಲದೆ ಗೋಡೆ ಪೇರಿಸಿ, ಅದರ ಹಿಂದೆ ಕಲ್ಲುಚೂರು, ಮಣ್ಣು ತುಂಬುವ ಪದ್ಧತಿ ಬಂತು.

ಎರಡರಲ್ಲೂ ಅಪಾಯ ಒಂದೇ. ಚಾವಣಿಯ ಪದರೊಂದು ಜೋತು, ಬಿರುಕು ಬಿಟ್ಟು ಉದುರುತ್ತದೆ. ಆಸರೆ ತಪ್ಪಿದ ಮೇಲಿನ ಪದರೂ ಹಿಂದೆಯೇ ಬೀಳುತ್ತದೆ. ಹೀಗೆ ಪೊಳ್ಳು ಗಂಟೆಯಾಕಾರ ತಳೆದು ಸದ್ದಿಲ್ಲದೆ ಮೇಲೇರುತ್ತದೆ. ಫ್ರೆಂಚರು ಇದನ್ನು ಫೋಂತಿ ಅನ್ನುತ್ತಾರೆ. ಬಂಡೆ ಒಡೆದರೆ ಇಡಿಯಾಗಿದ್ದಾಗಿನದಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಜಲ್ಲಿ ರಾಶಿ ಕಂಡವರಿಗೆ ಇದು ಹೊಸತಲ್ಲ. ಆದ್ದರಿಂದ ಬಿದ್ದ ಚೂರೇ ಪೊಳ್ಳನ್ನು ತುಂಬಿಬಿಟ್ಟರೆ ಏರಿಕೆ ಅಲ್ಲಿಗೇ ನಿಲ್ಲುತ್ತದೆ. ತುಂಬದಿದ್ದರೆ ಒಂದು ದಿನ ಬೀದಿಯೇ ಬಾಯ್ದೆರೆಯುತ್ತದೆ.

1774ರಲ್ಲಿ ಹಾಗೆಯೇ ಆಯಿತು. ಕುಸಿದ ಬೀದಿಯ ಹೆಸರು ಅದಕ್ಕೂ ಮೊದಲೇ ‘ನರಕದ ಬೀದಿ’! 1777ರಲ್ಲಿ ಗಣಿಗಳ ತಪಾಸಣೆಗೆಂದೇ ಕಚೇರಿ ಹುಟ್ಟಿ, ಶಾರ್ಲ್-ಆಕ್ಸೆಲ್ ಗಿಯೋಮೊ ಅದರ ಮುಖ್ಯಸ್ಥನಾದ. ಮೇಲಿನ ಬೀದಿಗಳ ನೇರಕ್ಕೆ ಕೆಳಗೆ ಸುರಂಗ ಹಾಯಿಸಿ, ಆಸರೆಗೋಡೆ ಕಟ್ಟಿಸಿ, ಬೀದಿಯ ಹೆಸರನ್ನು ಅಲ್ಲಿಯೂ ಕೆತ್ತಿಸುವುದು ಅವನ ಕ್ರಮ. ಗೋಡೆಯ ಮೇಲೆ ಒಂದು ಸಂಖ್ಯೆ, ‘ಜಿ’ ಅಕ್ಷರ, ಇಸವಿ ಕಂಡರೆ ಅದು ಅವನ ಕಾಲದ ದುರಸ್ತಿ ಎಂದು ಓದಿಕೊಳ್ಳಬೇಕು. ಸತ್ತ ಗಣಿಗೆ ಇಷ್ಟು ಶಿಸ್ತಿನ ದಾಖಲೆ ಇಟ್ಟದ್ದು ನನಗಂತೂ ಕುಸಿತಕ್ಕಿಂತ ದೊಡ್ಡ ಬೆರಗು.

ಪ್ಯಾರಿಸ್‌ನ ಈ ಸುರಂಗಗಳಿಗೆ ಅಪ್ಪಣೆಯಿಲ್ಲದೆ ಇಳಿಯುವಂತಿಲ್ಲ; 1955ರಿಂದ ನಿಷೇಧವಿದೆ. ಕಾಪ್ಯುಸೆಂ ಗಣಿಯನ್ನು ಸ್ವಯಂಸೇವಕರ ಸಂಘವೊಂದು ದುರಸ್ತಿ ಮಾಡಿ, ಗುಂಪುಗಳನ್ನು ಕರೆದೊಯ್ದು ತೋರಿಸುತ್ತದೆ.

ಕೊಶಾಂ ಪಕ್ಕದ ವಾಲ್-ದ-ಗ್ರಾಸ್ ಆಸ್ಪತ್ರೆಯ ಬಾಗಿಲು ಕಾಯುತ್ತಿದ್ದನೆನ್ನುವ ಫಿಲಿಬೇರ್ ಆಸ್ಪೇರ್ ಈ ಸುರಂಗಗಳಿಗೆ ಯಾಕೆ ಇಳಿದನೋ, 1793ರ ನವೆಂಬರ್‌ನಲ್ಲಿ ದಾರಿ ತಪ್ಪಿದ. ದೇಹ ಸಿಕ್ಕ ಜಾಗದಲ್ಲೇ 1804ರ ಏಪ್ರಿಲ್‌ನಲ್ಲಿ ಮಣ್ಣು ಮಾಡಿ ಕಲ್ಲು ನೆಟ್ಟರು. ಲೆಕ್ಕ ಹಾಕಿದರೆ ಹತ್ತೂವರೆ ವರ್ಷ. ಕಲ್ಲಿನ ಮೇಲೆ ಮಾತ್ರ ಹನ್ನೊಂದು ಎಂದಿದೆ.