ಪರ್ವತ ಹಾಗೂ ದ್ರಾಕ್ಷಿ ಸೀಮೆಯಲ್ಲಿ ವಾಹನರಹಿತ ಸೈಕಲ್ ಪ್ರವಾಸ: ಇಟಲಿಯ ಆದಿಜೆ ಕಣಿವೆ ಮಾರ್ಗ ಕುರಿತು ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಯುರೋಪಿನ ಆಲ್ಪ್ಸ್ ಪರ್ವತ ಪ್ರದೇಶದಲ್ಲಿ ಮೋಟಾರು ವಾಹನಗಳ ಸಂಚಾರವಿಲ್ಲದ ಪ್ರತ್ಯೇಕ ಪಥಗಳ ಮೂಲಕ ಸೈಕಲ್ ಪ್ರವಾಸ ಕೈಗೊಳ್ಳಲು ಇಚ್ಛಿಸುವ ನಾಗರಿಕರು ಮಾರ್ಗದ ಸ್ವರೂಪ ಹಾಗೂ ವೀಸಾ ನಿಯಮಗಳೆರಡನ್ನೂ ಮುಂಚಿತವಾಗಿ ತಿಳಿದಿರುವುದು ಅವಶ್ಯಕ. ವೀಸಾ ಅರ್ಜಿಯು ತಿರಸ್ಕೃತಗೊಂಡಲ್ಲಿ ಪಾವತಿಸಿದ ಶುಲ್ಕವು ಹಿಂತಿರುಗಿ ಬರುವುದಿಲ್ಲ. ವಿಮೆಯ ಷರತ್ತುಗಳನ್ನು ಓದದೆ ಹೊರಟವರು ಅಪಘಾತಕ್ಕೀಡಾದಲ್ಲಿ ಆಸ್ಪತ್ರೆಯ ಸಂಪೂರ್ಣ ವೆಚ್ಚವನ್ನು ತಾವೇ ಭರಿಸಬೇಕಾಗಬಹುದು. ಆದ್ದರಿಂದ ಇಂತಹ ಮಾರ್ಗಗಳಲ್ಲಿ ಪ್ರಮುಖವಾದ ಇಟಲಿಯ ಆದಿಜೆ ನದಿ ಸೈಕಲ್ ಪಥದ ವಿವರಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

2. ಮಾರ್ಗದ ಪರಿಚಯ

ಆದಿಜೆಯು 410 ಕಿ.ಮೀ. ಉದ್ದವಿದ್ದು, ಪೋ ನದಿಯ ನಂತರ ಇಟಲಿಯ ಎರಡನೇ ಅತಿ ಉದ್ದದ ನದಿಯಾಗಿದೆ. ಇದು ಆಸ್ಟ್ರಿಯಾ ಗಡಿಗೆ ಹೊಂದಿಕೊಂಡ ರೆಷೆನ್ ಕಣಿವೆದಾರಿಯ ಬಳಿ ಹುಟ್ಟಿ ಏಡ್ರಿಯಾಟಿಕ್ ಸಮುದ್ರವನ್ನು ಸೇರುತ್ತದೆ. ನದಿಯ ಜೊತೆಯಲ್ಲೇ ಸಾಗುವ ಸೈಕಲ್ ಪಥವು ರೆಷೆನ್‌ನಿಂದ ವೆರೋನಾ ನಗರದವರೆಗೆ ಸುಮಾರು 300 ಕಿ.ಮೀ. ಉದ್ದವಿದೆ. ಇದರ ಉತ್ತರ ಭಾಗವಾದ ದಕ್ಷಿಣ ಟಿರೋಲ್ ಪ್ರಾಂತ್ಯವು 1919ರ ಒಪ್ಪಂದದವರೆಗೆ ಆಸ್ಟ್ರಿಯಾಕ್ಕೆ ಸೇರಿತ್ತು. ಈ ಕಾರಣದಿಂದ ಅಲ್ಲಿ ಜರ್ಮನ್ ಮತ್ತು ಇಟಾಲಿಯನ್ ಎರಡೂ ಭಾಷೆಗಳು ಬಳಕೆಯಲ್ಲಿದ್ದು, ಹೆಚ್ಚಿನ ಊರುಗಳಿಗೆ ಎರಡು ಹೆಸರುಗಳಿವೆ. ಬೋಲ್ಜಾನೊ ಮತ್ತು ಬೋಜೆನ್, ಮೆರಾನೊ ಮತ್ತು ಮೆರಾನ್, ಕಾಲ್ದಾರೊ ಮತ್ತು ಕಾಲ್ಟರ್ನ್ ಎಂಬ ಜೋಡಿ ಹೆಸರುಗಳು ಒಂದೇ ಊರನ್ನು ಸೂಚಿಸುತ್ತವೆ. ವಸತಿ ಕಾಯ್ದಿರಿಸುವಾಗ ಹಾಗೂ ವೀಸಾ ಅರ್ಜಿಗೆ ಪ್ರವಾಸ ವಿವರ ಸಿದ್ಧಪಡಿಸುವಾಗ ಇದನ್ನು ಗಮನದಲ್ಲಿಡತಕ್ಕದ್ದು.

3. ಮಾರ್ಗದ ಹಂತಗಳು

ಅ) ರೆಷೆನ್‌ನಿಂದ ಮೆರಾನೊ (ಸುಮಾರು 80 ಕಿ.ಮೀ.): ಸುಮಾರು 1,500 ಮೀಟರ್ ಎತ್ತರದಿಂದ 325 ಮೀಟರ್‌ಗೆ ಇಳಿಯುವ ಹಂತವಿದು. ಆರಂಭದಲ್ಲಿ ಕಾಣಸಿಗುವ ರೆಷೆನ್ ಜಲಾಶಯದಲ್ಲಿ 1950ರಲ್ಲಿ ಗ್ರೌನ್ ಗ್ರಾಮವು ಮುಳುಗಡೆಯಾಯಿತು. ಅದರ ಚರ್ಚಿನ 14ನೇ ಶತಮಾನದ ಗಂಟೆಗೋಪುರ ಮಾತ್ರ ಇಂದಿಗೂ ನೀರಿನ ಮೇಲೆ ನಿಂತಿದೆ. ಮುಂದಿನ ಫಿನ್‌ಷ್‌ಗೌ ಕಣಿವೆಯು ಪೂರ್ವ ಆಲ್ಪ್ಸ್‌ನಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಇಲ್ಲಿನ ರೈತರು ಶತಮಾನಗಳಿಂದ ಬೆಟ್ಟದ ನೀರನ್ನು ಸಣ್ಣ ಕಾಲುವೆಗಳ ಮೂಲಕ ಹೊಲಗಳಿಗೆ ಹರಿಸಿಕೊಂಡು ಬಂದಿದ್ದಾರೆ. ಮಾಲ್ಸ್ ಊರಿನ ಮೇಲ್ಭಾಗದಲ್ಲಿಯೂ ಮೆರಾನೊಗೆ ಮುನ್ನ ಬರುವ ಟೋಲ್ ಬಳಿಯೂ ಇಳಿಜಾರು ಕಡಿದಾಗಿರುವುದರಿಂದ ಬ್ರೇಕ್‌ಗಳನ್ನು ಪರೀಕ್ಷಿಸಿಕೊಂಡು ನಿಧಾನವಾಗಿ ಸಾಗುವುದು.

ಆ) ಮೆರಾನೊದಿಂದ ಬೋಲ್ಜಾನೊ (ಸುಮಾರು 30 ಕಿ.ಮೀ.): ನದಿಯ ಏರಿಯ ಮೇಲೆ ಸೇಬಿನ ತೋಟಗಳ ನಡುವೆ ಸಾಗುವ ಸಮತಟ್ಟಾದ ಪಥ. ಮಕ್ಕಳೊಂದಿಗೆ ಬರುವವರಿಗೆ ಸೂಕ್ತ.

ಇ) ಬೋಲ್ಜಾನೊದಿಂದ ಟ್ರೆಂಟೊ (ಸುಮಾರು 65 ಕಿ.ಮೀ.): ದ್ರಾಕ್ಷಿ ಸೀಮೆಯ ಪ್ರಮುಖ ಭಾಗ. ಇದರ ವಿವರ ಮುಂದಿನ ಕಂಡಿಕೆಯಲ್ಲಿದೆ.

ಈ) ಟ್ರೆಂಟೊದಿಂದ ವೆರೋನಾ (ನೂರು ಕಿ.ಮೀ.ಗೂ ತುಸು ಹೆಚ್ಚು): ರೊವೆರೆಟೊ ಹಾಗೂ ಆಲಾ ಮಾರ್ಗವಾಗಿ ಕಿರಿದಾದ ಕಣಿವೆಯನ್ನು ದಾಟಿ, ಬಿಫಿಸ್ ಕಾಲುವೆಯ ದಡದಲ್ಲಿ ಬಯಲಿಗೆ ಇಳಿಯುತ್ತದೆ. ಕೆಲವು ಕಡೆ ಸಾಮಾನ್ಯ ರಸ್ತೆಯನ್ನು ಬಳಸಬೇಕಾಗುತ್ತದೆ.

4. ದ್ರಾಕ್ಷಿ ಸೀಮೆ ಮತ್ತು ಹಳೆಯ ರೈಲು ಮಾರ್ಗ

ಆದಿಜೆ ಕಣಿವೆಯ ತಳಭಾಗವು ಹಿಂದೆ ಜೌಗು ಪ್ರದೇಶವಾಗಿತ್ತು. ಆ ಕಾರಣ ಹಳೆಯ ಊರುಗಳೂ ದ್ರಾಕ್ಷಿ ತೋಟಗಳೂ ಬೆಟ್ಟದ ಇಳಿಜಾರಿನಲ್ಲಿಯೇ ನೆಲೆಗೊಂಡವು. 19ನೇ ಶತಮಾನದಲ್ಲಿ ನದಿಯ ಪಾತ್ರವನ್ನು ನೇರಗೊಳಿಸಿ ಎರಡೂ ಬದಿಗೆ ಏರಿ ಕಟ್ಟಲಾಯಿತು. ಬಸಿದು ದೊರೆತ ಭೂಮಿಯಲ್ಲಿ ಇಂದು ಸೇಬು ಬೆಳೆಯುತ್ತಿದ್ದು, ಆ ಏರಿಯೇ ಇಂದಿನ ಸೈಕಲ್ ಸವಾರರಿಗೆ ವಾಹನರಹಿತ ದಾರಿಯಾಗಿದೆ.

ಬೋಲ್ಜಾನೊದಿಂದ ಕಾಲ್ದಾರೊಗೆ ಏರುವ ಉಪಪಥವು ಹಳೆಯ ರೈಲು ಹಾದಿಯ ಮೇಲೆ ನಿರ್ಮಿತವಾಗಿದೆ. ಈ ರೈಲು ಮಾರ್ಗವು 1971ರಲ್ಲಿ ಸಂಪೂರ್ಣವಾಗಿ ಮುಚ್ಚಲ್ಪಟ್ಟಿತು. ರೈಲುಗಳು ಕಡಿದಾದ ಏರನ್ನು ಹತ್ತಲಾರವು. ಆದ್ದರಿಂದ ಅವುಗಳಿಗಾಗಿ ನಿರ್ಮಿಸಿದ ಹಾದಿಯು ಬೆಟ್ಟವನ್ನು ಬಳಸಿಕೊಂಡು ನಿಧಾನವಾಗಿ ಏರುತ್ತದೆ, ಸಾಮಾನ್ಯ ಶಕ್ತಿಯುಳ್ಳ ಸವಾರರೂ ಇದನ್ನು ಕ್ರಮಿಸಬಹುದು. ಕಾಲ್ದಾರೊ ಸರೋವರದ ಸುತ್ತಲಿನ ಊರುಗಳು 1964ರಲ್ಲಿ ಆರಂಭವಾದ ದಕ್ಷಿಣ ಟಿರೋಲ್ ವೈನ್ ಮಾರ್ಗಕ್ಕೆ ಸೇರಿವೆ. ಗೆವುರ್ಟ್ಸ್‌ಟ್ರಾಮಿನರ್ ಎಂಬ ದ್ರಾಕ್ಷಿ ತಳಿಯ ಹೆಸರಿನಲ್ಲಿ ಇಲ್ಲಿನ ಟ್ರಾಮಿನ್ ಗ್ರಾಮದ ಹೆಸರು ಅಡಗಿದೆ. ಬೋಲ್ಜಾನೊ ಸುತ್ತ ಲಾಗ್ರೈನ್, ಟ್ರೆಂಟೊ ಪ್ರಾಂತ್ಯದ ಮೆಝ್ಝೊಕೊರೋನಾ ಬಯಲಿನಲ್ಲಿ ತೆರೋಲ್ದೆಗೊ, ರೊವೆರೆಟೊ ಸುತ್ತ ಮಾರ್ಜೆಮಿನೊ ತಳಿಗಳು ಹೆಸರಾಗಿವೆ. ಬಳ್ಳಿಗಳನ್ನು ಚಪ್ಪರದ ಮೇಲೆ ಹಬ್ಬಿಸುವ ಪದ್ಧತಿ ಇಲ್ಲಿ ಹಿಂದಿನಿಂದಲೂ ಇದ್ದು, ಚಿಕ್ಕಬಳ್ಳಾಪುರ ಭಾಗದ ದ್ರಾಕ್ಷಿ ಚಪ್ಪರಗಳನ್ನು ಕಂಡವರಿಗೆ ಇದು ಪರಿಚಿತವೆನಿಸುವುದು.

5. ಸವಾರರು ಗಮನಿಸಬೇಕಾದ ಅಂಶಗಳು

1) "ವಾಹನರಹಿತ" ಎಂದರೆ ಸಾರ್ವಜನಿಕ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲವೆಂದು ಅರ್ಥ. ರೈತರ ಟ್ರ್ಯಾಕ್ಟರುಗಳು ಹಲವೆಡೆ ಪಥವನ್ನು ಬಳಸುತ್ತವೆ. ದ್ರಾಕ್ಷಿ ಹಾಗೂ ಸೇಬಿನ ಕೊಯ್ಲು ನಡೆಯುವ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಅವುಗಳ ಸಂಖ್ಯೆ ಹೆಚ್ಚು.

2) ಮಧ್ಯಾಹ್ನದ ನಂತರ ದಕ್ಷಿಣದಿಂದ "ಓರಾ" ಎಂಬ ಗಾಳಿ ಬೀಸುವುದರಿಂದ, ದಕ್ಷಿಣಾಭಿಮುಖವಾಗಿ ಸಾಗುವವರು ಬೆಳಗಿನ ವೇಳೆಯಲ್ಲಿ ಹೆಚ್ಚು ದೂರ ಕ್ರಮಿಸುವುದು ಒಳಿತು.

3) ಮದ್ಯ ಸೇವಿಸಿ ಸೈಕಲ್ ಚಲಾಯಿಸುವುದು ಇಟಲಿಯಲ್ಲಿಯೂ ದಂಡನಾರ್ಹ. ಒಂದು ಲೀಟರ್ ರಕ್ತದಲ್ಲಿ 0.5 ಗ್ರಾಂ ಮದ್ಯಸಾರದ ಮಿತಿಯು ಸೈಕಲ್ ಸವಾರರಿಗೂ ಅನ್ವಯಿಸುತ್ತದೆ. ವೈನ್ ರುಚಿ ನೋಡುವುದನ್ನು ದಿನದ ಸವಾರಿ ಮುಗಿದ ನಂತರಕ್ಕೆ ಇಟ್ಟುಕೊಳ್ಳುವುದು.

4) ಊರಿನ ಹೊರಗೆ ರಾತ್ರಿ ವೇಳೆಯಲ್ಲಿ ಹಾಗೂ ಸುರಂಗಗಳಲ್ಲಿ ಪ್ರತಿಫಲಕ ಅಂಗಿ ಧರಿಸುವುದು ಕಡ್ಡಾಯ.

5) ಮೆರಾನೊ ಮತ್ತು ಮಾಲ್ಸ್ ನಡುವೆ 2005ರಲ್ಲಿ ಪುನರಾರಂಭಗೊಂಡ ರೈಲು ಮಾರ್ಗವಿದೆ. ರೈಲಿನಲ್ಲಿ ಮೇಲೇರಿ ಸೈಕಲ್‌ನಲ್ಲಿ ಇಳಿಯುವುದು ವಾಡಿಕೆ. ಒಂದು ನಿಲ್ದಾಣದಲ್ಲಿ ಬಾಡಿಗೆಗೆ ಪಡೆದ ಸೈಕಲನ್ನು ಮತ್ತೊಂದರಲ್ಲಿ ಹಿಂದಿರುಗಿಸುವ ಸೌಲಭ್ಯವೂ ಉಂಟು. ಮಾರ್ಗದ ವಿದ್ಯುದೀಕರಣ ಕಾಮಗಾರಿಯ ನಿಮಿತ್ತ ರೈಲಿನ ಬದಲಿಗೆ ಬಸ್ ಸಂಚರಿಸುವ ಸಂದರ್ಭಗಳಿರುವುದರಿಂದ ಮುಂಚಿತವಾಗಿ ವಿಚಾರಿಸತಕ್ಕದ್ದು.

6) ತುರ್ತು ಸಂದರ್ಭದಲ್ಲಿ ಕರೆ ಮಾಡಬೇಕಾದ ಸಂಖ್ಯೆ: 112.

6. ವೀಸಾ ಅರ್ಜಿಗೆ ಸಂಬಂಧಿಸಿದ ಮುಖ್ಯ ನಿಯಮಗಳು

ಭಾರತೀಯ ಪ್ರಜೆಗಳಿಗೆ ಷೆಂಗೆನ್ ಅಲ್ಪಾವಧಿ ವೀಸಾ ಅಗತ್ಯ. ಅರ್ಜಿದಾರರು ಈ ಕೆಳಕಂಡ ಅಂಶಗಳನ್ನು ಪರಿಶೀಲಿಸಿಕೊಳ್ಳತಕ್ಕದ್ದು:

• ಪಾಸ್‌ಪೋರ್ಟ್ ಕಳೆದ 10 ವರ್ಷಗಳೊಳಗೆ ನೀಡಿದ್ದಾಗಿದ್ದು, ಷೆಂಗೆನ್ ಪ್ರದೇಶದಿಂದ ನಿರ್ಗಮಿಸುವ ದಿನಾಂಕದ ನಂತರ ಕನಿಷ್ಠ 3 ತಿಂಗಳು ಸಿಂಧುವಾಗಿರಬೇಕು. ಕನಿಷ್ಠ 2 ಖಾಲಿ ಪುಟಗಳಿರಬೇಕು.
• ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳಿಗಿಂತ ಮೊದಲು ಸಲ್ಲಿಸುವಂತಿಲ್ಲ. 15 ದಿನಗಳಿಗಿಂತ ತಡವಾಗಿಯೂ ಸಲ್ಲಿಸಬಾರದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ವಿಶೇಷ ಸಂದರ್ಭಗಳಲ್ಲಿ 45 ದಿನಗಳವರೆಗೆ ಕಾಲಾವಕಾಶವಿದೆ.
• 2024ರ ಜೂನ್ 11ರಿಂದ ವಯಸ್ಕರಿಗೆ ಶುಲ್ಕ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45 ಯೂರೋ ನಿಗದಿಯಾಗಿದೆ.
• ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

7. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಆಸ್ಟ್ರಿಯಾದಿಂದ ಸವಾರಿ ಆರಂಭಿಸಿದಲ್ಲಿ ಯಾವ ದೇಶಕ್ಕೆ ಅರ್ಜಿ ಸಲ್ಲಿಸಬೇಕು?
ಉತ್ತರ: ಪ್ರವಾಸದ ಮುಖ್ಯ ದೇಶಕ್ಕೆ. ಉದಾಹರಣೆಗೆ, ಇನ್ಸ್‌ಬ್ರುಕ್‌ನಲ್ಲಿ 2 ದಿನ ಹಾಗೂ ಇಟಲಿಯಲ್ಲಿ 8 ದಿನ ತಂಗುವವರು ಇಟಲಿಗೆ ಅರ್ಜಿ ಸಲ್ಲಿಸಬೇಕು. ಎರಡೂ ದೇಶಗಳ ದಿನಗಳು ಸಮನಾಗಿದ್ದು ಉದ್ದೇಶವೂ ಒಂದೇ ಆಗಿದ್ದಲ್ಲಿ, ಮೊದಲು ಪ್ರವೇಶಿಸುವ ದೇಶಕ್ಕೆ ಸಲ್ಲಿಸತಕ್ಕದ್ದು.

ಪ್ರಶ್ನೆ: ಗರಿಷ್ಠ ಎಷ್ಟು ದಿನ ತಂಗಬಹುದು?
ಉತ್ತರ: ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳು. ವೀಸಾದಲ್ಲಿ ಕಡಿಮೆ ದಿನಗಳನ್ನು ನಮೂದಿಸಿದ್ದಲ್ಲಿ ಅದೇ ಅಂತಿಮ. ಪ್ರವೇಶ ಮತ್ತು ನಿರ್ಗಮನದ ದಿನಗಳೂ ಲೆಕ್ಕಕ್ಕೆ ಸೇರುತ್ತವೆ. 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಜಾರಿಗೆ ಬಂದ ಗಣಕೀಕೃತ ವ್ಯವಸ್ಥೆಯಲ್ಲಿ ಈ ದಿನಾಂಕಗಳು ದಾಖಲಾಗುತ್ತವೆ.

ಪ್ರಶ್ನೆ: ವೀಸಾಗಾಗಿ ಪಡೆದ ವಿಮೆಯು ಸೈಕಲ್ ಅಪಘಾತಕ್ಕೂ ಅನ್ವಯಿಸುವುದೇ?
ಉತ್ತರ: ಎಲ್ಲಾ ಪಾಲಿಸಿಗಳಲ್ಲಿಯೂ ಅನ್ವಯಿಸುವುದಿಲ್ಲ. ಕೆಲವು ಪಾಲಿಸಿಗಳು ಸಾಹಸ ಕ್ರೀಡೆಗಳನ್ನು ಹೊರತುಪಡಿಸುತ್ತವೆ. ಸೈಕಲ್ ಪ್ರವಾಸವು ಒಳಗೊಂಡಿದೆ ಎಂಬುದನ್ನು ವಿಮಾ ಕಂಪನಿಯಿಂದ ಲಿಖಿತವಾಗಿ ಪಡೆದುಕೊಳ್ಳುವುದು.

ಪ್ರಶ್ನೆ: ವಿದ್ಯುತ್ ಚಾಲಿತ ಸೈಕಲನ್ನು ಇಲ್ಲಿಂದ ಒಯ್ಯಬಹುದೇ?
ಉತ್ತರ: 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಗಳನ್ನು ಪ್ರಯಾಣಿಕರು ವಿಮಾನದಲ್ಲಿ ಒಯ್ಯುವಂತಿಲ್ಲ. ಇಂತಹ ಸೈಕಲ್‌ಗಳ ಬ್ಯಾಟರಿಯು ಸಾಮಾನ್ಯವಾಗಿ ಈ ಮಿತಿಯನ್ನು ಮೀರುತ್ತದೆ. ಸ್ಥಳೀಯವಾಗಿ ಬಾಡಿಗೆಗೆ ಪಡೆಯುವುದು ಸೂಕ್ತ.

ವಿಶೇಷ ಸೂಚನೆ: ಶುಲ್ಕ ಹಾಗೂ ನಿಯಮಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ, ಅರ್ಜಿದಾರರು ಸಂಬಂಧಪಟ್ಟ ದೇಶದ ರಾಯಭಾರ ಕಚೇರಿಯ ಪ್ರಕಟಣೆಗಳನ್ನು ಪರಿಶೀಲಿಸಿದ ನಂತರವೇ ಅರ್ಜಿ ಸಲ್ಲಿಸತಕ್ಕದ್ದು. ವೀಸಾ ದೊರೆಯುವ ಮುನ್ನ ಹಣ ಹಿಂತಿರುಗಿಸದ ವಿಮಾನ ಟಿಕೆಟ್ ಅಥವಾ ವಸತಿ ಕಾಯ್ದಿರಿಸುವುದನ್ನು ತಪ್ಪಿಸುವುದು. ಅರ್ಜಿಯು ತಿರಸ್ಕೃತಗೊಂಡಲ್ಲಿ ಕಾರಣಗಳನ್ನು ಲಿಖಿತವಾಗಿ ತಿಳಿಸಲಾಗುವುದಲ್ಲದೆ, ಅರ್ಜಿದಾರರಿಗೆ ಮೇಲ್ಮನವಿ ಸಲ್ಲಿಸುವ ಹಕ್ಕು ಇರುತ್ತದೆ.