ರಾಷ್ಟ್ರದ ಆದರ್ಶ ಮತ್ತು ಮಾನವ ಅಭಿವೃದ್ಧಿ: ಕೋಲ್ಕತ್ತದ ಅನುಭವ

ಒಂದು ರಾಷ್ಟ್ರದ ಪ್ರಗತಿಯನ್ನು ಅಳೆಯುವುದು ಹೇಗೆ? ಅಣೆಕಟ್ಟು, ಕಾರ್ಖಾನೆ, ರೈಲುಮಾರ್ಗಗಳು ಪ್ರಗತಿಯ ಕುರುಹುಗಳೆಂಬುದು ನಿಜ. ಆದರೆ ಜನರು ಎಷ್ಟು ಕಾಲ ಆರೋಗ್ಯದಿಂದ ಬಾಳುತ್ತಾರೆ, ಮಕ್ಕಳು ವಿದ್ಯೆ ಪಡೆಯುತ್ತಾರೆಯೇ, ಪ್ರತಿಯೊಂದು ಕುಟುಂಬಕ್ಕೂ ಹೊಟ್ಟೆ ತುಂಬ ಅನ್ನ ದೊರೆಯುತ್ತದೆಯೇ ಎಂಬುದೇ ಪ್ರಗತಿಯ ನಿಜವಾದ ಒರೆಗಲ್ಲು.

1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನವು ನ್ಯಾಯ, ಸ್ವಾತಂತ್ರ್ಯ, ಸಮಾನತೆ ಮತ್ತು ಭ್ರಾತೃತ್ವಗಳನ್ನು ರಾಷ್ಟ್ರದ ಆದರ್ಶಗಳೆಂದು ಸಾರಿತು. ಅದರ ನಾಲ್ಕನೆಯ ಭಾಗದಲ್ಲಿರುವ ರಾಜ್ಯ ನಿರ್ದೇಶಕ ತತ್ವಗಳು ಈ ಆದರ್ಶಗಳನ್ನು ಆಡಳಿತದ ಕರ್ತವ್ಯಗಳನ್ನಾಗಿ ವಿವರಿಸಿದವು. ಜನರ ಪೌಷ್ಟಿಕ ಮಟ್ಟವನ್ನೂ ಆರೋಗ್ಯವನ್ನೂ ಉತ್ತಮಪಡಿಸುವುದು ಸರ್ಕಾರದ ಪ್ರಾಥಮಿಕ ಕರ್ತವ್ಯಗಳಲ್ಲಿ ಒಂದೆಂದು 47ನೆಯ ಅನುಚ್ಛೇದವು ಹೇಳಿತು. ಆದರೆ ಈ ತತ್ವಗಳನ್ನು ನ್ಯಾಯಾಲಯದ ಮೂಲಕ ಜಾರಿಗೊಳಿಸುವಂತಿಲ್ಲ. ಹಾಗಾದರೆ ಅವು ದಾರಿದೀಪವಾಗುವುದು ಹೇಗೆ? ಇದಕ್ಕೆ ಉತ್ತರವನ್ನು ಕೋಲ್ಕತ್ತ ನಗರದ ಇತಿಹಾಸದಲ್ಲಿ ಕಾಣಬಹುದು.

ಕ್ಷಾಮದ ಪಾಠ

1943ರಲ್ಲಿ ಬಂಗಾಳವು ಭೀಕರ ಕ್ಷಾಮಕ್ಕೆ ತುತ್ತಾಯಿತು. ಅನ್ನವನ್ನರಸಿ ಹಳ್ಳಿಗಳಿಂದ ಕಲ್ಕತ್ತಕ್ಕೆ ಬಂದ ಸಾವಿರಾರು ಜನರು ಬೀದಿಗಳಲ್ಲಿಯೇ ಪ್ರಾಣ ಬಿಟ್ಟರು. ಕ್ಷಾಮಕ್ಕೂ ಅದರ ಬೆನ್ನಿಗೇ ಬಂದ ರೋಗರುಜಿನಗಳಿಗೂ ಬಲಿಯಾದವರ ಸಂಖ್ಯೆ ಹತ್ತಾರು ಲಕ್ಷ. ಅಂದು ಶಾಂತಿನಿಕೇತನದಲ್ಲಿ ಬಾಲಕರಾಗಿದ್ದ ಅಮರ್ತ್ಯ ಸೇನ್ ಅವರು ಈ ದುರಂತವನ್ನು ಕಣ್ಣಾರೆ ಕಂಡರು. ಮುಂದೆ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ಅರ್ಥಶಾಸ್ತ್ರಜ್ಞರಾದ ಅವರು, 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದರ ಕಾರಣಗಳನ್ನು ವಿಶ್ಲೇಷಿಸಿದರು. ಧಾನ್ಯದ ಕೊರತೆಯೊಂದೇ ಈ ಸಾವುಗಳಿಗೆ ಕಾರಣವಲ್ಲ. ಯುದ್ಧಕಾಲದ ಬೆಲೆಯೇರಿಕೆಯಿಂದ ಕೃಷಿಕಾರ್ಮಿಕರೂ ಬೆಸ್ತರೂ ಧಾನ್ಯ ಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡಿದ್ದರು ಎಂಬುದು ಅವರ ನಿರ್ಣಯ. ದೇಶದಲ್ಲಿ ಎಷ್ಟು ಧಾನ್ಯವಿದೆ ಎಂಬುದರಷ್ಟೇ, ಅದು ಯಾರ ಕೈಗೆಟಕುತ್ತದೆ ಎಂಬುದೂ ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಅಂಕಿ ಅಂಶಗಳ ಹಿಂದಿನ ಮನುಷ್ಯ

ಪ್ರಶಾಂತ ಚಂದ್ರ ಮಹಲನೋಬಿಸ್ ಅವರು 1931ರಲ್ಲಿ ಕಲ್ಕತ್ತದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಕ್ಷಾಮವು ಬಂಗಾಳದ ಹಳ್ಳಿಗಳ ಮೇಲೆ ಬೀರಿದ ಪರಿಣಾಮಗಳನ್ನು ಈ ಸಂಸ್ಥೆಯು ಮಾದರಿ ಸಮೀಕ್ಷೆಯಿಂದ ಅಧ್ಯಯನ ಮಾಡಿತು. ಮನೆಮನೆಯನ್ನೂ ಎಣಿಸದೆ, ನಿಯಮಬದ್ಧವಾಗಿ ಆರಿಸಿದ ಕೆಲವು ಮನೆಗಳ ವಿವರಗಳಿಂದ ಇಡೀ ಪ್ರದೇಶದ ಸ್ಥಿತಿಯನ್ನು ಅಂದಾಜು ಮಾಡುವ ವಿಧಾನವಿದು. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಇದೇ ವಿಧಾನವನ್ನು ದೇಶಕ್ಕೆಲ್ಲ ವಿಸ್ತರಿಸಿತು. ಬಡತನದ ಅಂದಾಜುಗಳಿಗೆ ಇದರ ಅಂಕಿ ಅಂಶಗಳೇ ಆಧಾರವಾದವು. 1956ರಲ್ಲಿ ಆರಂಭವಾದ ಎರಡನೆಯ ಪಂಚವಾರ್ಷಿಕ ಯೋಜನೆಯ ಚೌಕಟ್ಟೂ ಮಹಲನೋಬಿಸ್ ಅವರಿಂದಲೇ ರೂಪುಗೊಂಡಿತು.

ಆ ಯೋಜನೆಯು ಭಾರಿ ಕೈಗಾರಿಕೆಗಳಿಗೆ ಆದ್ಯತೆ ನೀಡಿತು. ದುರ್ಗಾಪುರ, ಭಿಲಾಯಿ, ರೂರ್ಕೆಲಗಳಲ್ಲಿ ಉಕ್ಕಿನ ಕಾರ್ಖಾನೆಗಳು ತಲೆಯೆತ್ತಿದವು. ಆದರೆ ಪ್ರಾಥಮಿಕ ಶಿಕ್ಷಣದಲ್ಲಿ ಅದೇ ವೇಗವು ಕಾಣಲಿಲ್ಲ. ಸಂವಿಧಾನದ 45ನೆಯ ಅನುಚ್ಛೇದದ ಮೂಲ ಪಾಠದಂತೆ, ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಹಾಗೂ ಕಡ್ಡಾಯ ಶಿಕ್ಷಣ ನೀಡಲು ಹತ್ತು ವರ್ಷಗಳೊಳಗೆ, ಎಂದರೆ 1960ರ ವೇಳೆಗೆ, ಸರ್ಕಾರವು ಪ್ರಯತ್ನಿಸಬೇಕಾಗಿತ್ತು. ಶಿಕ್ಷಣವು ಮೂಲಭೂತ ಹಕ್ಕಾದದ್ದು 2002ರ 86ನೆಯ ತಿದ್ದುಪಡಿಯಿಂದ. ಅದಕ್ಕಾಗಿ ರೂಪಿಸಿದ ಕಾಯಿದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಈ ವಿಳಂಬದ ಬೆಲೆಯನ್ನು ತೆತ್ತವರು ಶಾಲೆಯ ಮೆಟ್ಟಿಲು ಹತ್ತದೆ ಬೆಳೆದ ಕೋಟ್ಯಂತರ ಮಕ್ಕಳು.

ಹೊಸ ಅಳತೆಗೋಲು

1990ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಮಾನವ ಅಭಿವೃದ್ಧಿ ಸೂಚ್ಯಂಕವನ್ನು ಪ್ರಕಟಿಸಿತು. ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರ ನೇತೃತ್ವದ ಈ ಕಾರ್ಯದಲ್ಲಿ ಅಮರ್ತ್ಯ ಸೇನ್ ಅವರ ಚಿಂತನೆಯೂ ಸೇರಿತ್ತು. ಆದಾಯವೊಂದನ್ನೇ ಪರಿಗಣಿಸದೆ ಆಯುಷ್ಯ, ಶಿಕ್ಷಣ ಮತ್ತು ಜೀವನಮಟ್ಟ ಈ ಮೂರನ್ನೂ ಒಟ್ಟಿಗೆ ಅಳೆಯುವುದು ಇದರ ವಿಶೇಷ.

ಇದೇ ಅಳತೆಗೋಲನ್ನು ನಮ್ಮ ರಾಜ್ಯವೂ ಕೈಗೆತ್ತಿಕೊಂಡಿತು. ಕರ್ನಾಟಕದ ಮೊದಲ ಮಾನವ ಅಭಿವೃದ್ಧಿ ವರದಿಯು 1999ರಲ್ಲಿ ಹೊರಬಂದಿತು. ಕೊಡಗು ಮುಂದಿದ್ದು ರಾಯಚೂರು ಹಿಂದುಳಿದಿರುವುದನ್ನು ಅದು ಜಿಲ್ಲಾವಾರು ತೋರಿಸಿತು. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ವರದಿ ನೀಡಿ, 114 ತಾಲ್ಲೂಕುಗಳು ಹಿಂದುಳಿದಿವೆಯೆಂದು ಗುರುತಿಸಿತು. ಅನಂತರ 98ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 371ಜೆ ಅನುಚ್ಛೇದವು ಸೇರಿ, ಇಂದು ಕಲ್ಯಾಣ ಕರ್ನಾಟಕವೆಂದು ಕರೆಯಲಾಗುವ ಪ್ರದೇಶಕ್ಕೆ ವಿಶೇಷ ಸ್ಥಾನಮಾನ ದೊರೆಯಿತು.

ಆದರ್ಶವು ಗುರಿಯನ್ನು ತೋರುತ್ತದೆ; ನಾವು ಎಲ್ಲಿದ್ದೇವೆಂಬುದನ್ನು ಪ್ರಾಮಾಣಿಕವಾದ ಅಳತೆ ತಿಳಿಸುತ್ತದೆ. ಇವೆರಡೂ ಕೂಡಿದಾಗ ಮಾತ್ರ ಹಿಂದುಳಿದವರ ಸ್ಥಿತಿಯು ಆಡಳಿತದ ಗಮನಕ್ಕೆ ಬರುತ್ತದೆ. 1951ರಲ್ಲಿ ಶೇಕಡ 18ರಷ್ಟಿದ್ದ ಭಾರತದ ಸಾಕ್ಷರತೆಯು 2011ರ ಜನಗಣತಿಯ ವೇಳೆಗೆ ಶೇಕಡ 73ಕ್ಕೆ ಏರಿತ್ತು. ಇದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಅಂದು ಓದು ಬರಹದಿಂದ ದೂರವೇ ಉಳಿದಿದ್ದ ನೂರಕ್ಕೆ ಇಪ್ಪತ್ತೇಳು ಮಂದಿಯನ್ನು ಮರೆಯಲಾಗದು. ತಮ್ಮ ಊರಿನ ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರಗಳ ಸ್ಥಿತಿಯನ್ನು ಗ್ರಾಮಸಭೆಯಲ್ಲಿ ವಿಚಾರಿಸುವ ಪ್ರತಿಯೊಬ್ಬ ನಾಗರಿಕನೂ ಸಂವಿಧಾನದ ಆದರ್ಶವನ್ನು ಒಂದು ಹೆಜ್ಜೆ ಮುಂದೊಯ್ಯುತ್ತಾನೆ.